ಹೊರದೇಶದವರಿಗೆ ಮಾತ್ರ

1966

ಮೇ 3, ಮಂಗಳವಾರ

ಮೂರನೇ ಕ್ಲಾಸಿನ ಸ್ಪೆಲಿಂಗ್ ಪೇಪರು ತಿದ್ದುವುದು ಇನ್ನೂ ಅರ್ಧ ಉಳಿದಿದೆ. ಒಲೆಯ ಮೇಲೆ ಸೊಪ್ಪು, ಹಂದಿಯ ಮೂಳೆ ಹಾಕಿ ಬೇಯಲಿಟ್ಟಿದ್ದೇನೆ. ಲೂಷಿಯಸ್ ಅಂಚೆ ಕಚೇರಿಯಿಂದ ಬಂದವನೇ ಬೂಟು ಕೂಡ ಬಿಚ್ಚದೆ ನೆಲಮಾಳಿಗೆಗೆ ಇಳಿದ. ಬೆಸುಗೆಯ ವಾಸನೆ ಮೆಟ್ಟಿಲು ಹತ್ತಿ ಅಡಿಗೆಮನೆಗೆ ಬರುತ್ತಿದೆ. ಸೊಪ್ಪಿಗೂ ಅದೇ ವಾಸನೆ ಹಿಡಿಯುತ್ತದೆ. ಅಭ್ಯಾಸವಾಗಿದೆ.

ಸಂಜೆ ವಾಷಿಂಗ್ಟನ್ನಿಂದ ಫೋನು. ಸರ್ಕಾರದ ಮಾಹಿತಿ ಇಲಾಖೆಯಂತೆ. ಹೊಸದೇನಾದರೂ ಕಂಡುಹಿಡಿದ ಅಮೆರಿಕನ್ನರ ಬಗ್ಗೆ ಸಣ್ಣ ಸಣ್ಣ ಸಿನಿಮಾ ತೆಗೆದು ಹೊರದೇಶಗಳಲ್ಲಿ ತೋರಿಸುತ್ತಾರಂತೆ. ಲೂಷಿಯಸ್‌ನ ಪೆಟ್ಟಿಗೆ ಅವರ ಕಿವಿಗೆ ಬಿದ್ದಿದೆ. ನಿಮ್ಮ ಗಂಡನ ಆ ಪೆಟ್ಟಿಗೆ ಏನು ಎಂದು ನನ್ನನ್ನೇ ಕೇಳಿದರು. ಹೇಳಿದೆ — ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗಿಟ್ಟು ಆಸ್ಪತ್ರೆಗೆ ಸಾಗಿಸುವ ಪೆಟ್ಟಿಗೆ. ಅಲ್ಯುಮಿನಿಯಂದು. ಕೆಳಗೆ ಬಿಸಿನೀರಿನ ಚೀಲ, ಮೇಲೆ ಪ್ಲಾಸ್ಟಿಕ್ ಕಿಟಕಿ. ಕರೆಂಟ್ ಬೇಡ, ಬೇಕಾದರೆ ಕಾರಿನ ಬ್ಯಾಟರಿಗೆ ಸಿಕ್ಕಿಸಬಹುದು. ಮಾಡಿ ಮಾಡಿ ದಕ್ಷಿಣದ ಸೂಲಗಿತ್ತಿಯರಿಗೆ ಕಳಿಸುತ್ತಾನೆ.

"ಅವರು ಇಂಜಿನಿಯರಾ?" ಎಂದರು.

ಓದಿದ್ದು ಅದನ್ನೇ ಎಂದೆ. ಕರಿಯನಿಗೆ ಆ ಕೆಲಸ ಕೊಡುವವರು ಡೇಟನ್ನಿನಲ್ಲಿ ಸಿಗಲಿಲ್ಲ, ಅದಕ್ಕೇ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಾನೆ ಎಂದು ಹೇಳಲಿಲ್ಲ.

ಮೆಟ್ಟಿಲ ಮೇಲಿಂದ ಕೂಗಿದೆ, "ಲೂಷಿಯಸ್, ನಿನ್ನ ಸಿನಿಮಾ ತೆಗೀತಾರಂತೆ!"

"ಯಾಕೆ, ಹೀರೋಗಳೆಲ್ಲ ಖಾಲಿ ಆದ್ರಾ?"

ಮೇ 16, ಸೋಮವಾರ

ಬಂದರು. ಮೂರು ಜನ, ಎರಡು ಕಾರು ತುಂಬ ಸಾಮಾನು. ಡೈರೆಕ್ಟರು ಮಿಸ್ಟರ್ ಗ್ಯಾರಿಟಿ, ಚಿಕ್ಕ ವಯಸ್ಸು, ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಮಾತೇ ಆಡದ ಒಬ್ಬ ಕ್ಯಾಮೆರಾದವ. ಸೌಂಡಿನವನ ಹೆಸರು ಬಡ್. ಕಿವಿಗೆ ದೊಡ್ಡ ಹೆಡ್‌ಫೋನು, ತಲೆ ಬಗ್ಗಿಸಿಯೇ ನಡೆಯುತ್ತಾನೆ.

ಬಂದು ಐದು ನಿಮಿಷವಾಗಿರಲಿಲ್ಲ. "ಆರ್ಡೆಲ್ಲಾ, ಈ ಸೋಫಾ ಆ ಕಡೆ ಸರಿಸಬಹುದಾ?" ಎಂದ ಗ್ಯಾರಿಟಿ. ನನಗೆ ಅವನು ಮಿಸ್ಟರ್. ಅವನಿಗೆ ನಾನು ಬರೀ ಆರ್ಡೆಲ್ಲಾ. ಸೋಫಾ ಸರಿಸಿದೆ.

ಲೂಷಿಯಸ್‌ಗೆ ಬಿಳಿ ಕೋಟು ತಂದಿದ್ದಾರೆ, ಡಾಕ್ಟರುಗಳು ಹಾಕುವಂಥದ್ದು. ತೋಳು ಗಿಡ್ಡ. ಅಂಚೆ ಕಚೇರಿಯ ಶಾಟ್ ಬೇಡವಂತೆ. ಅವರ ಸಿನಿಮಾದ ಕಾಗದದಲ್ಲಿ 'ಇಂಜಿನಿಯರ್ ಲೂಷಿಯಸ್ ಪೆಟಿಫೋರ್ಡ್' ಎಂದಿದೆ.

ಲೂಷಿಯಸ್ ಕನ್ನಡಿಯ ಮುಂದೆ ನಿಂತು, "ನೋಡು ಡೆಲ್ಲಾ, ಡಿಗ್ರಿ ತಗೊಂಡಿದ್ದು ಆಗ. ಇಂಜಿನಿಯರ್ ಆಗಿದ್ದು ಇವತ್ತು" ಎಂದ. ನಕ್ಕ. ನನಗೆ ನಗು ಬರಲಿಲ್ಲ.

ಮೇ 18, ಬುಧವಾರ

ಶಾಲೆಗೆ ರಜೆ ಹಾಕಿದ್ದೇನೆ. ಇವತ್ತಿನದು ಬರೆದಿಡಬೇಕು.

ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಟ್ಟಿಗೆ ಪೆಟ್ಟಿಗೆಯೊಳಗೆ ಇಣುಕುವ ಶಾಟ್ ಬೇಕಂತೆ. "ಪಕ್ಕದ ಮನೆ ಮಕ್ಕಳನ್ನ ಕರೀರಿ" ಎಂದ ಗ್ಯಾರಿಟಿ. ಕರೆದೆ. ಬಂದವರೆಲ್ಲ ಕರಿಯ ಮಕ್ಕಳೇ. ಈ ಬೀದಿಯಲ್ಲಿ ಇನ್ಯಾರಿದ್ದಾರೆ? ಕೊನೆಯ ಬಿಳಿಯ ಮನೆಯವರು ನಾವು ಬಂದ ವರ್ಷವೇ ಮಾರಿಕೊಂಡು ಹೋದರು.

ಗ್ಯಾರಿಟಿ ಎಲ್ಲೆಲ್ಲಿಗೋ ಫೋನು ಮಾಡಿದ. ಊಟದ ಹೊತ್ತಿಗೆ ನದಿಯ ಆಚೆಯಿಂದ ಒಂದು ಸ್ಟೇಷನ್ ವ್ಯಾಗನ್ ಬಂತು. ಇಬ್ಬರು ಬಿಳಿಯ ಮಕ್ಕಳು, ಯಾರೋ ಅಧಿಕಾರಿಯ ಮಕ್ಕಳು. ತಾಯಿ ಕಾರಿನಿಂದ ಇಳಿಯಲಿಲ್ಲ, ಕಿಟಕಿಯನ್ನೂ ಇಳಿಸಲಿಲ್ಲ. ಮಕ್ಕಳು ಇಣುಕಿದವು. ಪೆಟ್ಟಿಗೆಯೊಳಗೆ ಗೊಂಬೆ. ಕೆಂಪುಕೂದಲ ಹುಡುಗಿ ನಮ್ಮ ಎದುರುಮನೆಯ ಡಾರ್ಲೀನ್‌ಳ ಕೈ ಹಿಡಿದು, "ಇದು ನಿನ್ನ ಗೊಂಬೆನಾ?" ಎಂದಳು. ಅದು ಹೇಳಿಕೊಟ್ಟದ್ದಲ್ಲ. ಆದರೆ ಆಗ ಕ್ಯಾಮೆರಾ ನಿಂತಿತ್ತು.

ಶಾಟ್ ಮುಗಿದ ಕೂಡಲೇ ಹಾರ್ನ್.

ಮೇ 19, ಗುರುವಾರ

ಇವತ್ತು ಲೂಷಿಯಸ್ ಮಾತಾಡುವ ದಿನ. ಕೆಳಗೆ ನೆಲಮಾಳಿಗೆಯಲ್ಲಿ, ಪೆಟ್ಟಿಗೆಗಳ ನಡುವೆ ಸ್ಟೂಲಿನ ಮೇಲೆ ಕೂರಿಸಿದರು. ಫ್ರಿಜ್ ಗುಂಯ್‌ಗುಡುತ್ತದೆಂದು ಬಡ್ ಪ್ಲಗ್ ಕಿತ್ತ. ನನಗೆ ಅಡಿಗೆಮನೆಯಲ್ಲಿ ಕುರ್ಚಿ ಬಿಟ್ಟು ಏಳಬೇಡಿ ಎಂದರು, ಹಲಗೆ ಕಿರ್ರೆನ್ನುತ್ತದಂತೆ. ಬಾಗಿಲು ಹಾಕಿಕೊಂಡರು.

ಕೂತೆ. ಮೊದಲು ಪ್ರಶ್ನೆ ಉತ್ತರ, ಪ್ರಶ್ನೆ ಉತ್ತರ. ಆಮೇಲೆ ಲೂಷಿಯಸ್ ಒಬ್ಬನದೇ ದನಿ. ಪದ ಒಂದೂ ತಿಳಿಯುತ್ತಿಲ್ಲ, ದನಿ ಮಾತ್ರ, ನೆಲದ ಹಲಗೆಯ ಮೂಲಕ ನನ್ನ ಪಾದಕ್ಕೆ. ಬಹಳ ಹೊತ್ತು. ಇಷ್ಟು ಉದ್ದ ಅವನು ಯಾವತ್ತೂ ಮಾತಾಡಿದವನಲ್ಲ.

ಬಡ್ ಮೇಲೆ ಬಂದ. ಸಿಂಕಿನಲ್ಲಿ ಮುಖ ತೊಳೆದುಕೊಂಡ. ಕಣ್ಣು ಕೆಂಪಗಿದ್ದವು.

"ಏನು ಹೇಳಿದ್ರು?" ಎಂದೆ.

"ನಿಮ್ಮ ಮಗು ವಿಷಯ, ಮೇಡಂ. ಆ ದಿನ ಕಾರಲ್ಲಿ..." ನಿಲ್ಲಿಸಿದ. "ಕ್ಷಮಿಸಿ. ನಾನು ಹೇಳೋದಲ್ಲ ಅದು. ಅವರನ್ನೇ ಕೇಳಿ."

ಗ್ಯಾರಿಟಿ ಕೈ ಉಜ್ಜಿಕೊಂಡು ಬಂದ. "ಬಂಗಾರ ಸಿಕ್ತು, ಆರ್ಡೆಲ್ಲಾ! ಬಂಗಾರ!"

ಮಗುವಿನ ವಿಷಯ. ಅವನು. ಪರಕೀಯರ ಮುಂದೆ.

ಹದಿನೈದು ವರ್ಷದಲ್ಲಿ ನನ್ನ ಹತ್ತಿರ ಒಂದು ಮಾತು ಆಡಿಲ್ಲ. ಟೆನೆಸ್ಸಿಯಲ್ಲಿ, ಅತ್ತೆಯ ಮನೆ. ಜನವರಿ. ಏಳನೇ ತಿಂಗಳಿಗೇ ನೋವು ಬಂತು. ಹುಟ್ಟಿದಳು, ಅಂಗೈಯಷ್ಟು, ಆದರೆ ಉಸಿರಾಡುತ್ತಿದ್ದಳು. ನಾನು ಏಳುವ ಸ್ಥಿತಿಯಲ್ಲಿರಲಿಲ್ಲ. ಲೂಷಿಯಸ್ ಕೋಟಿನಲ್ಲಿ ಸುತ್ತಿಕೊಂಡು ಒಬ್ಬನೇ ಕಾರು ಹತ್ತಿದ. ಬಾಗಿಲು ದಾಟುವಾಗ ನಾನು ಹಾಸಿಗೆಯಿಂದಲೇ "ಕೋರಾ, ಅವಳ ಹೆಸರು ಕೋರಾ" ಎಂದೆ. ಗಾಳಿ ಬೀಸುತ್ತಿತ್ತು, ಕೇಳಿಸಿತೋ ಇಲ್ಲವೋ. ಆಸ್ಪತ್ರೆಯಲ್ಲಿ ಕೂಸನ್ನು ಬೆಚ್ಚಗಿಡುವ ಯಂತ್ರ ಇತ್ತು, ಬಿಳಿಯರ ವಾರ್ಡಿನಲ್ಲಿ. ಒಳಗೆ ಬಿಡಲಿಲ್ಲ. ಮುಂದಿನ ಊರಿಗೆ ಹೋಗಿ ಎಂದರು. ಇಷ್ಟೂ ಅತ್ತೆ ಹೇಳಿದ್ದು. ಕತ್ತಲಾಗುವ ಹೊತ್ತಿಗೆ ಕೋಟನ್ನು ಹಾಗೇ ಎದೆಗೊತ್ತಿಕೊಂಡು ವಾಪಸು ಬಂದ.

ಆ ದಾರಿಯಲ್ಲಿ ಏನಾಯಿತು? ಅತ್ತಳಾ? ಎಷ್ಟು ಹೊತ್ತು ಇದ್ದಳು? ಅವನ ಮುಖ ನೋಡಿದಳಾ? ಒಂದೇ ಒಂದು ಸಲ ಕೇಳಿದೆ. ಎದ್ದು ಹೊರಗೆ ಹೋದ. ಅದಾದ ಮೇಲೆ ಕೇಳಲಿಲ್ಲ. ಆ ಬೇಸಿಗೆಯಲ್ಲಿ ಮೊದಲ ಪೆಟ್ಟಿಗೆ ಮಾಡಲು ಶುರುಮಾಡಿದ.

ಮೇ 20, ಶುಕ್ರವಾರ

ಹೋದರು. ಫ್ರಿಜ್ಜಿಗೆ ಪ್ಲಗ್ ಹಾಕುವುದನ್ನೇ ಎಲ್ಲರೂ ಮರೆತಿದ್ದಾರೆ. ಹಾಲೆಲ್ಲ ಹುಳಿ.

ತಿಂಡಿಯ ಮೇಜಿನಲ್ಲಿ ಕೇಳಿಯೇಬಿಟ್ಟೆ. "ನಿನ್ನೆ ಅವರ ಹತ್ರ ಅವಳ ವಿಷಯ ಹೇಳಿದ್ಯಂತೆ."

ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ಮೂಲೆ ಮೂಲೆಗೂ ಸವರಿದ.

"ಆ ಲೈಟು ಕಣ್ಣಿಗೆ ಹೊಡೀತಿತ್ತು. ಎದುರಿಗೆ ಯಾರೂ ಕಾಣ್ತಿರ್ಲಿಲ್ಲ. ಅದಕ್ಕೇ ಮಾತು ಬಂತು."

"ನನಗೂ ಹೇಳು."

"ಫಿಲ್ಮ್ ಬಂದಾಗ ಕೇಳಿಸ್ಕೋ, ಡೆಲ್ಲಾ. ಎಲ್ಲ ಹೇಳಿದೀನಿ, ಏನೂ ಬಿಟ್ಟಿಲ್ಲ. ನಿನ್ನ ಮುಖ ನೋಡ್ಕೊಂಡು ಹೇಳೋಕೆ ನನ್ನ ಕೈಲಿ ಆಗಲ್ಲ. ನೀನು ನೋಡುವಾಗ ನಾನು ಹೊರಗೆ ನಿಂತಿರ್ತೀನಿ."

ಆಗಲಿ ಎಂದೆ. ಇಷ್ಟು ವರ್ಷ ಕಾದವಳಿಗೆ ಇನ್ನೊಂದಷ್ಟು ತಿಂಗಳು ಏನು ಮಹಾ. ಬಹಳ ದಿನದ ಮೇಲೆ ಅವನ ತಟ್ಟೆಯಿಂದ ಒಂದು ಚೂರು ಕಿತ್ತು ತಿಂದೆ. ಕೈಗೆ ಹೊಡೆದ.

ಸೆಪ್ಟೆಂಬರ್ 2, ಶುಕ್ರವಾರ

ನಿನ್ನೆಯಿಂದ ನಮ್ಮ ಈ ವೆಸ್ಟ್ ಸೈಡ್ ಪೂರ್ತಿ ಗಲಾಟೆ. ನಮ್ಮವನೊಬ್ಬನನ್ನು ಯಾರೋ ಬಿಳಿಯರು ಅವನ ಮನೆ ಮುಂದೆಯೇ ಗುಂಡಿಕ್ಕಿ ಕೊಂದರು. ಅಂಗಡಿಗಳ ಗಾಜು ಬೀದಿ ತುಂಬ. ಮಿಲಿಟರಿ ಲಾರಿಗಳು ಬಂದಿವೆ. ಗ್ಯಾರಿಟಿ ಮಕ್ಕಳನ್ನು ನಡೆಸಿದ್ದ ಅದೇ ಫುಟ್‌ಪಾತಿನ ಮೇಲೆ ಬಂದೂಕಿನವರು ನಿಂತಿದ್ದಾರೆ.

ಲೂಷಿಯಸ್ ಕಿಟಕಿಯಿಂದ ನೋಡಿ, "ಇದರ ಶಾಟು ಬೇಡ್ವೇನೋ ಅವರಿಗೆ" ಎಂದ.

ಅಕ್ಟೋಬರ್ 11, ಮಂಗಳವಾರ

ಲೂಷಿಯಸ್ ಹೋದ. ಅಂಚೆ ಕಚೇರಿಯಲ್ಲಿ. ನಿಂತಲ್ಲೇ ಕುಸಿದನಂತೆ. ಹೃದಯ.

ನವೆಂಬರ್ 20, ಭಾನುವಾರ

ತಂಗಿ ವರ್ನೀಸ್ ತನ್ನ ಮನೆ ಬಿಟ್ಟು ಇಲ್ಲೇ ಬಂದು ಇದ್ದಾಳೆ. ಬಲವಂತವಾಗಿ ಚರ್ಚಿಗೆ ಕರೆದುಕೊಂಡು ಹೋದಳು. ಎಲ್ಲರೂ "ಸಿಸ್ಟರ್ ಪೆಟಿಫೋರ್ಡ್, ದೇವರು ದೊಡ್ಡವನು" ಎಂದರು. ತಲೆಯಾಡಿಸಿದೆ.

ಅವನು ಹೋದನೆಂಬ ದುಃಖ ಒಂದು. ಅವಳ ಸುದ್ದಿಯನ್ನೂ ಜೊತೆಗೇ ಒಯ್ದನಲ್ಲ ಎಂಬ ಸಿಟ್ಟು ಇನ್ನೊಂದು. ಸಿಟ್ಟು ಎಂದು ಬರೆಯಲು ನಾಚಿಕೆ. ಆದರೂ ಅದೇ.

ಇಲ್ಲ, ಒಯ್ದಿಲ್ಲ. ಫಿಲ್ಮ್ ಇದೆ. ಏನೂ ಬಿಟ್ಟಿಲ್ಲ ಎಂದಿದ್ದಾನೆ.

1967

ಜನವರಿ 10, ಮಂಗಳವಾರ

ವಾಷಿಂಗ್ಟನ್ನಿಗೆ ಫೋನು ಮಾಡಿದೆ. ಹೆಂಗಸೊಬ್ಬಳು ತೆಗೆದುಕೊಂಡಳು. ಫಿಲ್ಮ್ ಮುಗಿದಿದೆಯಂತೆ, ಹೊರದೇಶಗಳಿಗೆ ಹೋಗಿಯೂ ಆಗಿದೆಯಂತೆ. ಎಂದು ನೋಡಬಹುದು ಎಂದೆ.

"ಅದು ಈ ದೇಶದಲ್ಲಿ ತೋರಿಸೋ ಹಾಗಿಲ್ಲ, ಮೇಡಂ. ಕಾನೂನು."

"ನಾನು ಥಿಯೇಟರಲ್ಲಿ ಹಾಕಿ ಅಂತಿಲ್ಲ. ನಾನೊಬ್ಬಳೇ ನೋಡ್ಬೇಕು. ನನ್ನ ಗಂಡ ಅವರು."

"ಒಬ್ಬರಾದ್ರೂ ಅಷ್ಟೇ, ನೂರು ಜನ ಆದ್ರೂ ಅಷ್ಟೇ. ಸರ್ಕಾರ ತನ್ನ ಜನಕ್ಕೇ ಪ್ರಚಾರ ಮಾಡಬಾರದು ಅಂತ ಮಾಡಿರೋ ಕಾನೂನು ಅದು. ನಿಮ್ಮ ಒಳ್ಳೇದಕ್ಕೇ."

ವರ್ನೀಸ್‌ಗೆ ಹೇಳಿದೆ. ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರೆ ನಮ್ಮ ಮನೆ ನೆಲಮಾಳಿಗೆ ನೋಡಿ ನಾವು ಕೆಟ್ಟು ಹೋಗ್ತೀವಂತಾ?"

ಕೆನಡಾದಲ್ಲಾದರೂ ತೋರಿಸುತ್ತಾರಾ, ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತೇನೆ ಎಂದೂ ಕೇಳಿದ್ದೆ. ಇಲ್ಲವಂತೆ. ಆಫ್ರಿಕಾ, ಏಷ್ಯಾಕ್ಕೆ ಅಂತಲೇ ಮಾಡಿದ್ದಂತೆ.

ಮಾರ್ಚ್ 28, ಮಂಗಳವಾರ. ವಾಷಿಂಗ್ಟನ್.

ಈಸ್ಟರ್ ರಜೆ. ನಾನೂ ವರ್ನೀಸೂ ಬಸ್ಸಿನಲ್ಲಿ ಬಂದೆವು. ಕಾಲು ಊದಿದೆ. ವರ್ನೀಸ್ ಡಬ್ಬಿಯಲ್ಲಿ ಕರಿದ ಕೋಳಿ ತಂದಿದ್ದಾಳೆ, ಕಟ್ಟಡದ ಮೆಟ್ಟಿಲ ಮೇಲೆಯೇ ಕೂತು ತಿಂದೆವು.

ಒಳಗೆ ಮೇಜಿನ ಹಿಂದೆ ನಮ್ಮವನೇ ಒಬ್ಬ, ಟೈ ಕಟ್ಟಿಕೊಂಡು. ನನ್ನ ಮಾತೆಲ್ಲ ತಾಳ್ಮೆಯಿಂದ ಕೇಳಿದ. ಎದ್ದು ಒಳಗೆ ಹೋದ. ಬಂದ.

"ಫಿಲ್ಮ್ ಇಲ್ಲೇ ಇದೆ, ಮೇಡಂ. ಇದೇ ಕಟ್ಟಡದಲ್ಲಿ, ಮೇಲೆ."

"ಹಾಗಾದ್ರೆ..."

"ಪೇಪರಿನವರು ನೋಡ್ಬಹುದು. ಕಾಂಗ್ರೆಸ್ ಸದಸ್ಯರು ನೋಡ್ಬಹುದು. ನಿಮಗೆ ತೋರಿಸಿದ್ರೆ ನನ್ನ ಕೆಲಸ ಹೋಗುತ್ತೆ. ನಮ್ಮಮ್ಮನಾಣೆ, ನನ್ನ ಕೈಲಿದ್ದಿದ್ರೆ ತೋರಿಸ್ತಿದ್ದೆ."

ವರ್ನೀಸ್ ಬಿಡಲಿಲ್ಲ. "ತಮ್ಮಾ, ಇವಳಿಗೆ ನೋಡೋದೂ ಬೇಡ. ಬಾಗಿಲ ಹೊರಗೆ ನಿಂತ್ಕೋತಾಳೆ. ನೀನು ಒಳಗೆ ಹಾಕ್ಕೊಂಡು ನೋಡು. ಇವಳು ಕೇಳಿಸ್ಕೊಳ್ಲಿ ಸಾಕು."

ಅವನು ನನ್ನ ಮುಖ ನೋಡಲಿಲ್ಲ. ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರಿಗೆ ಬರೆಯಿರಿ ಎಂದ.

ಹೊರಗೆ ಬಂದು ತಲೆಯೆತ್ತಿ ನೋಡಿದೆ. ಎಷ್ಟೊಂದು ಕಿಟಕಿ. ಅದರಲ್ಲಿ ಒಂದರ ಹಿಂದೆ ಲೂಷಿಯಸ್ ಫಿಲ್ಮಿನ ಡಬ್ಬಿಯಲ್ಲಿದ್ದಾನೆ. ಬಸ್ಸಿಗೆ ಹೊತ್ತಾಗಿತ್ತು.

ಜೂನ್ 14, ಬುಧವಾರ

ಕಾಂಗ್ರೆಸ್ ಸದಸ್ಯರ ಕಚೇರಿಯಿಂದ ಫೋನು. ಅವರ ಸಹಾಯಕ. ಖುದ್ದಾಗಿ ಹೋಗಿ ನೋಡಿದನಂತೆ!

"ಬಹಳ ಚೆನ್ನಾಗಿದೆ, ಮಿಸೆಸ್ ಪೆಟಿಫೋರ್ಡ್. ನೀವು ಹೆಮ್ಮೆ ಪಡಬೇಕು. ಕಲರ್ ಅಂತೂ ಅದ್ಭುತ."

"ನನ್ನ ಗಂಡ ಏನು ಹೇಳಿದಾರೆ ಅದರಲ್ಲಿ?"

"ಅವರಾ... ತಮ್ಮ ಕೆಲಸದ ಬಗ್ಗೆ. ಒಳ್ಳೇ ಗಂಭೀರವಾಗಿ ಕೂತಿದಾರೆ. ಮ್ಯೂಸಿಕ್ ಎಷ್ಟು ಚೆನ್ನಾಗಿದೆ ಅಂದ್ರೆ!"

"ಮಗು ವಿಷಯ?"

"ಹೌದು ಹೌದು, ಮಕ್ಕಳಿದಾರೆ. ಪೆಟ್ಟಿಗೆ ಸುತ್ತ ನಿಂತ್ಕೊಂಡು ನೋಡ್ತಾರೆ. ಕರಿಯ ಮಕ್ಕಳು, ಬಿಳಿ ಮಕ್ಕಳು. ಮನಸ್ಸಿಗೆ ತಟ್ಟುತ್ತೆ."

ಮತ್ತೆ ಕೇಳಿದೆ. ಇನ್ನೊಂದು ಲೈನಿನಲ್ಲಿ ಯಾರೋ ಕಾಯುತ್ತಿದ್ದಾರೆ ಎಂದ. ನನಗೋಸ್ಕರ ಕಾನೂನು ತಿದ್ದುವುದು ಕಷ್ಟ ಎಂದೂ ಹೇಳಿದ, ನಗುತ್ತ.

ಅಕ್ಟೋಬರ್ 11, ಬುಧವಾರ

ವರ್ಷವಾಯಿತು. ಜಾರ್ಜಿಯಾದ ಸೂಲಗಿತ್ತಿ ಮಿಸ್ ಯೂಲಾ ಫೋನು ಮಾಡಿದ್ದಳು. ಸುದ್ದಿ ಗೊತ್ತಿರಲಿಲ್ಲ ಅವಳಿಗೆ. "ಪೆಟಿಫೋರ್ಡ್ ಅಯ್ಯಾವ್ರಿಗೆ ಹೇಳಮ್ಮ, ಇನ್ನೊಂದು ಬೇಕಿತ್ತು ಅಂತ. ಇಲ್ಲಿ ಚಳಿ ಶುರುವಾಯ್ತು." ಕೆಳಗೆ ಮುಗಿದದ್ದು ಎರಡಿದ್ದವು. ಒಂದು ಕಳಿಸಿದೆ. ಇನ್ನೊಂದಿದೆ. ಅರ್ಧ ಮಾಡಿದ್ದನ್ನು ಮುಗಿಸುವವರಿಲ್ಲ.

1968

ಫೆಬ್ರವರಿ 11, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಟಾಲಿವರ್ ಒಬ್ಬಳನ್ನು ಕರೆತಂದರು. ವಿಲ್ಬರ್‌ಫೋರ್ಸ್ ಕಾಲೇಜಿಗೆ ಒಂದು ವರ್ಷ ಓದಲು ಬಂದಿರುವ ನರ್ಸ್. ಸಿಯೆರಾ ಲಿಯೋನಿನವಳು, ಆಫ್ರಿಕಾ. ಹೆಸರು ಯೇಮಾ ಕಲ್ಲೋನ್. ತಲೆಗೆ ಹಳದಿ ಬಟ್ಟೆ, ಕಾಲಿಗೆ ತೆಳ್ಳನೆಯ ಚಪ್ಪಲಿ, ಈ ಹಿಮದಲ್ಲಿ. ಪಾಸ್ಟರು ನನ್ನ ಹೆಸರು ಹೇಳುತ್ತಿದ್ದಂತೆ ನನ್ನ ಎರಡೂ ಕೈ ಹಿಡಿದುಕೊಂಡಳು.

"ಪೆಟಿಫೋರ್ಡ್? ಪೆಟ್ಟಿಗೆ ಪೆಟಿಫೋರ್ಡಾ? ಅಮ್ಮ, ನಾನು ಅವರನ್ನ ನೋಡಿದೀನಿ! ನಮ್ಮೂರಲ್ಲಿ, ಆಸ್ಪತ್ರೆ ಅಂಗಳದಲ್ಲಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದ್ರು. ಸಿನಿಮಾ ವ್ಯಾನು ಬಂದಾಗಲೆಲ್ಲ ಅದೇ ಹಾಕಿ ಅಂತ ಡಾಕ್ಟರು ಕೇಳ್ತಿದ್ರು. ಎಷ್ಟು ಸಲ ನೋಡಿದೀನೋ!"

ಬೆಂಚಿನ ಮೇಲೆ ಕೂತೆ. ವರ್ನೀಸ್ ನೀರು ತಂದಳು.

ಬರುವ ವಾರಕ್ಕೆ ಪರೀಕ್ಷೆ ಇದೆಯಂತೆ. ಅದರ ಮುಂದಿನ ಭಾನುವಾರ ಊಟಕ್ಕೆ ಬರಲು ಹೇಳಿದೆ.

ಫೆಬ್ರವರಿ 25, ಭಾನುವಾರ

ಯೇಮಾ ಬಂದಿದ್ದಳು. ವರ್ನೀಸ್ ಅನ್ನ, ಅಲಸಂದೆ, ಹ್ಯಾಮ್ ಮಾಡಿದ್ದಳು. ಯೇಮಾ ಅಲಸಂದೆಗೆ ಖಾರದ ಸಾಸ್ ಸುರಿದುಕೊಂಡು ತಿಂದಳು. "ಇಲ್ಲಿ ಬಂದ ಮೇಲೆ ಇವತ್ತೇ ಹೊಟ್ಟೆಗೆ ಬಿದ್ದಿದ್ದು" ಎಂದಳು.

ತಟ್ಟೆ ತೆಗೆಯುವುದಕ್ಕೂ ಬಿಡಲಿಲ್ಲ ನಾನು. ಮೊದಲಿಂದ ಹೇಳು ಎಂದೆ. ಹೇಳಿದಳು. ವಿಮಾನದಿಂದ ಊರು ಕಾಣುತ್ತದೆ. ಮನೆ ಮುಂದಿನ ಹೂವು. ಬಿಳಿ ಕೋಟು ಹಾಕಿಕೊಂಡು ಲೂಷಿಯಸ್ ಮೆಟ್ಟಿಲಿಳಿಯುತ್ತಾನೆ. ಕೈ ಮಾತ್ರ ದೊಡ್ಡದಾಗಿ ಕಾಣುತ್ತದೆ, ತಂತಿ ಬೆಸೆಯುವುದು. ಮಕ್ಕಳು. ನಾನೂ ಇದ್ದೇನಂತೆ, ಒಂದು ಕ್ಷಣ, ಕಿಟಕಿಯ ಹತ್ತಿರ.

"ಆಮೇಲೆ ಅವರು ಕೂತು ಮಾತಾಡ್ತಾರೆ."

"ಏನು ಹೇಳ್ತಾರೆ? ಒಂದೊಂದೇ ಮಾತು ಹೇಳು, ಯೇಮಾ. ಅವಸರ ಮಾಡ್ಬೇಡ."

ಅವಳು ನನ್ನನ್ನೂ ವರ್ನೀಸ್‌ಳನ್ನೂ ನೋಡಿದಳು.

"ಅವರ ಮಾತು ಕೇಳಿಸಲ್ಲ ಅಮ್ಮ. ಬೇರೆ ಯಾರೋ ಹೇಳ್ತಾರೆ. ರೇಡಿಯೋದಲ್ಲಿ ಹೇಳ್ತಾರಲ್ಲ, ಹಾಗೆ. ಅಮೆರಿಕಾದಲ್ಲಿ ಯಾರು ಬೇಕಾದ್ರೂ ಮನೇಲಿ ಕೂತು ಹೊಸದು ಮಾಡ್ಬಹುದು, ಅಂತ. ಹಿಂದೆ ಪಿಯಾನೋ. ಅವರ ತುಟಿ ಅಲ್ಲಾಡುತ್ತೆ ಅಷ್ಟೇ."

ವರ್ನೀಸ್ "ದೇವರೇ" ಎಂದಳು.

"ಕೊನೇವರೆಗೂ?" ಎಂದೆ.

"ಕೊನೇವರೆಗೂ."

ಯೇಮಾಗೆ ಏನೋ ತಪ್ಪಾಯಿತೆನಿಸಿರಬೇಕು. ಅವನು ಹೇಗೆ ಕೂತಿದ್ದನೆಂದು ಮಾಡಿ ತೋರಿಸಿದಳು. ಬೆನ್ನು ಬಗ್ಗಿಸಿ, ಎಡಗೈ ಎದೆಗೆ ಒತ್ತಿಕೊಂಡು. ಅವನೇ. ಆಮೇಲೆ ತುಟಿ. ಕೊನೆಗೊಂದು ಪದ, ಅದನ್ನು ಎರಡು ಸಲ ಹೇಳಿ ನಿಲ್ಲಿಸುತ್ತಾನಂತೆ. ತುಟಿ ದುಂಡಗೆ ಮಾಡಿ ಬಿಟ್ಟಳು. ಮತ್ತೊಮ್ಮೆ ಮಾಡು ಎಂದೆ. ಮಾಡಿದಳು. ಕೋರಾ ಅಂದನೋ. ಕೋಲ್ಡ್ ಅಂದನೋ. ಎಷ್ಟು ಸಲ ಮಾಡಿಸಿದೆನೋ, ಕೊನೆಗೆ ವರ್ನೀಸ್ "ಸಾಕು ಅಕ್ಕ, ಅವಳಿಗೂ ಅಳು ಬರ್ತಿದೆ" ಎಂದಳು.

ಮಾರ್ಚ್ 5, ಮಂಗಳವಾರ

ಗ್ಯಾರಿಟಿ ಫೋನಿನಲ್ಲಿ ಸಿಕ್ಕಿದ. ನ್ಯೂಯಾರ್ಕಿನಲ್ಲಿದ್ದಾನೆ, ಈಗ ಜಾಹೀರಾತು ತೆಗೆಯುತ್ತಾನಂತೆ. ಲೂಷಿಯಸ್ ಹೋದದ್ದು ತಿಳಿದಿರಲಿಲ್ಲ. ನಿಜವಾಗಿಯೂ ನೊಂದುಕೊಂಡ. ಈ ಸಲ ಮಿಸೆಸ್ ಪೆಟಿಫೋರ್ಡ್ ಎಂದ.

ಆ ಮಾತುಗಳನ್ನು ಯಾಕೆ ಹಾಕಲಿಲ್ಲ ಎಂದೆ.

"ನಾನು ಹಾಕಿದ್ದೆ. ಮೇಲಿನವರು ತೆಗೆಸಿದ್ರು. ಆಸ್ಪತ್ರೇಲಿ ಒಳಗೆ ಬಿಡಲಿಲ್ಲ ಅನ್ನೋದು ಹೊರದೇಶದವರಿಗೆ ಹೋಗೋದು ಬೇಡ ಅಂತ. ಜಗಳ ಆಡ್ದೆ. ಜಾಸ್ತಿ ಆಡ್ಲಿಲ್ಲ."

"ಟೇಪು?"

"ಫಿಲ್ಮಿಗೆ ಬೇಡದ ಸೌಂಡನ್ನ ಇಟ್ಕೊಳ್ಳಲ್ಲ. ಅಳಿಸಿ ಬೇರೆಯದಕ್ಕೆ ಉಪಯೋಗಿಸ್ತಾರೆ. ವಿಚಾರಿಸ್ದೆ, ನೀವು ಫೋನ್ ಮಾಡ್ತೀರಿ ಅಂತ ನಿಮ್ಮ ಕಾಗದ ಬಂದಾಗಲೇ. ಇಲ್ಲ."

"ನೀವು ಕೇಳಿದೀರಲ್ಲ. ನೀವೇ ಹೇಳಿ."

"ಕಾರಿನ ಹೀಟರು ಕೆಟ್ಟಿತ್ತು ಅಂದ್ರು. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೋಟಿನೊಳಗೆ, ಉಸಿರು ಇದೆಯಾ ಅಂತ ಬೆರಳಲ್ಲಿ ನೋಡ್ತಾ..." ನಿಂತ. "ಇಲ್ಲ. ತಡೀರಿ. ಅದು ಮೊಂಟಾನಾದ ದನದ ಡಾಕ್ಟ್ರು ಹೇಳಿದ್ದಿರಬೇಕು. ಹಿಮದಲ್ಲಿ ಕುರಿಮರಿ ತಂದಿದ್ದು. ಅದೇ ವರ್ಷ ತೆಗೆದಿದ್ದು ಅದನ್ನೂ. ಎರಡೂ ಸೇರ್ಕೊಂಡಿದೆ ನನ್ನ ತಲೇಲಿ. ನಿಮಗೆ ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ."

"ಇನ್ನೂ ನೆನಪು ಮಾಡ್ಕೊಳ್ಳಿ."

"ಬಡ್‌ಗೆ ಗೊತ್ತಿರುತ್ತೆ. ಹೆಡ್‌ಫೋನ್ ಅವನ ಕಿವೀಲಿತ್ತು. ಅವನು ವಿಯೆಟ್ನಾಂಗೆ ಹೋದ, ನ್ಯೂಸ್‌ನವರ ಜೊತೆ. ಎಲ್ಲಿದಾನೋ."

ಮಾರ್ಚ್ 9, ಶನಿವಾರ

ಬಡ್‌ಗೆ ಸೈಗಾನಿನ ಟೀವಿ ಕಚೇರಿಯ ವಿಳಾಸಕ್ಕೆ ಬರೆದು ಹಾಕಿದೆ.

ಕೋಟಿನೊಳಗೆ ಬೆರಳು. ನನ್ನ ಮಗಳಾ, ಕುರಿಮರಿಯಾ.

ಏಪ್ರಿಲ್ 5, ಶುಕ್ರವಾರ

ನಿನ್ನೆ ಮೆಂಫಿಸ್‌ನಲ್ಲಿ, ನಮ್ಮ ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಆ ದೊಡ್ಡ ನಾಯಕರನ್ನು ಗುಂಡಿಕ್ಕಿ ಕೊಂದರು. ಶಾಲೆ ಇಲ್ಲ. ವರ್ನೀಸ್ ರೇಡಿಯೋ ಬಿಟ್ಟು ಏಳುತ್ತಿಲ್ಲ. ನಾನು ನೆಲಮಾಳಿಗೆಗೆ ಇಳಿದು ಅವನ ಸ್ಟೂಲಿನ ಮೇಲೆ ಕೂತಿದ್ದೆ.

ಮೇ 22, ಬುಧವಾರ

ಬಡ್‌ಗೆ ಬರೆದದ್ದು ವಾಪಸು ಬಂತು. ಈ ಹೆಸರಿನವರು ಇಲ್ಲಿಲ್ಲ. ಸೀಲು ವಕ್ರವಾಗಿದೆ. ಹರಿದು ಹಾಕಿದೆ.

ಜೂನ್ 8, ಶನಿವಾರ

ಯೇಮಾ ಊರಿಗೆ ಹೊರಟಳು. ನ್ಯೂಯಾರ್ಕ್ ಬಸ್ಸು, ಅಲ್ಲಿಂದ ವಿಮಾನ. ಉಳಿದಿದ್ದ ಪೆಟ್ಟಿಗೆಯನ್ನು ಅವಳಿಗೆ ಕೊಟ್ಟೆ. ಹಗ್ಗ ಕಟ್ಟಿ ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆಂದಳು. ವರ್ನೀಸ್ ಬುತ್ತಿ ಕಟ್ಟಿದ್ದಳು, ಹೆಚ್ಚಿಗೆ ಖಾರ ಹಾಕಿ.

ಬಸ್ಸಿನ ಬಾಗಿಲಲ್ಲಿ ನಿಂತು ಯೇಮಾ ಕೇಳಿದಳು. "ಅಮ್ಮ, ಅಲ್ಲಿ ಆ ಫಿಲ್ಮು ಇನ್ನೂ ಬರ್ತಿರುತ್ತೆ. ನಾನು ಈ ಊರಿಗೆ ಹೋಗಿ ಬಂದವಳು ಅಂತ ಜನ ನನ್ನನ್ನೇ ಕೇಳ್ತಾರೆ, ಅವರು ಏನು ಹೇಳ್ತಿದಾರೆ ಅಂತ. ಏನು ಹೇಳ್ಲಿ?"

"ಗೊತ್ತಿಲ್ಲ ಅಂತ ಹೇಳು."

"ಹಾಗಂದ್ರೆ ಬಿಡಲ್ಲ ನಮ್ಮ ಜನ. ನೀವು ಏನಾದ್ರೂ ಹೇಳಿ. ಅದನ್ನೇ ಹೇಳ್ತೀನಿ."

ಡ್ರೈವರು ಟಿಕೆಟ್ ಹರಿಯುತ್ತಿದ್ದ. ನಮ್ಮ ಹಿಂದಿನವರು ತಳ್ಳುತ್ತಿದ್ದರು. ನನ್ನ ಬಾಯಿಂದ ಹೇಗೆ ಬಂತೋ. ಮಗು ಅಳಲಿಲ್ಲ ಅಂತ ಹೇಳ್ತಿದಾರೆ ಅನ್ನು, ಎಂದೆ. ದಾರಿಯುದ್ದಕ್ಕೂ ಬೆಚ್ಚಗಿತ್ತು. ಹೆಸರು ಹಿಡಿದು ಮಾತಾಡಿಸ್ತಾನೇ ಇದ್ದೆ, ಕಣ್ಣು ಬಿಟ್ಟು ನೋಡಿದಳು. ನಿದ್ದೆ ಹೋದ ಹಾಗೆ ಹೋದಳು. ಹಾಗಂತ ಹೇಳ್ತಿದಾರೆ ಅನ್ನು.

ಯೇಮಾ ಒಂದೊಂದು ಮಾತಿಗೂ ತಲೆಯಾಡಿಸಿದಳು, ಪಾಠ ಒಪ್ಪಿಸುವವಳ ಹಾಗೆ. ನಂಬಿದಳೋ, ನನಗಾಗಿ ನಂಬಿದಂತೆ ಮಾಡಿದಳೋ. ಹತ್ತಿದಳು. ಬಸ್ಸು ಹೋಯಿತು.

ವಾಪಸು ಬರುವಾಗ ವರ್ನೀಸ್ ನನ್ನ ಕೈಚೀಲ ತಾನೇ ಹಿಡಿದುಕೊಂಡಳು.

ಈಗ ಅಡಿಗೆಮನೆಯಲ್ಲಿ ಕೂತಿದ್ದೇನೆ. ನಾನು ಎಂದೂ ನೋಡದ ಊರಿನಲ್ಲಿ ಇನ್ನು ಅವನು ಅದನ್ನೇ ಹೇಳುತ್ತಾನೆ. ಅಲ್ಲಿಯವರಿಗಾದರೂ ಗೊತ್ತಿರುತ್ತದೆ. ನನಗೆ ಅದು ಸುಳ್ಳೆಂದು ಗೊತ್ತು, ಇಷ್ಟು ದಿನ ಅಷ್ಟೂ ಗೊತ್ತಿರಲಿಲ್ಲ.

ಹೇಳುವಾಗ ಅವನ ದನಿಯಲ್ಲಿ ಹೇಳೋಣವೆಂದಿದ್ದೆ, ಮನಸ್ಸಿನಲ್ಲಾದರೂ. ಬಂದದ್ದು ನನ್ನ ದನಿಯೇ. ಮನೆಗೆ ಬಂದಾಗಿನಿಂದ ಪ್ರಯತ್ನಿಸುತ್ತಿದ್ದೇನೆ. ಫಿಲ್ಮಿನ ಮಾತು ಹೋಗಲಿ. ಕೆಳಗಿನಿಂದ "ಡೆಲ್ಲಾ" ಎಂದು ಕೂಗುತ್ತಿದ್ದನಲ್ಲ, ದಿನಾ, ಕಾಫಿಗೆ... ಮೊದಲಕ್ಷರ ಎಳೆಯುತ್ತಿದ್ದನಾ, ಕೊನೆಯದಾ. ವರ್ನೀಸ್‌ಳನ್ನು ಕೇಳಿದೆ. ಅವಳೂ ಸ್ವಲ್ಪ ಹೊತ್ತು ಬಾಯಿ ತೆರೆದುಕೊಂಡೇ ನಿಂತಳು. "ಡೇ... ಅಲ್ಲ ಅಕ್ಕ, ಇರು," ಎಂದಳು, "ಅವರು ಹೀಗೆ..."

ಇಬ್ಬರೂ ನೆಲಮಾಳಿಗೆಯ ಬಾಗಿಲು ತೆರೆದು ನಿಂತೆವು. ವರ್ನೀಸ್ ಕೆಳಗಿಳಿದಳು, ಅಲ್ಲಿಂದ ಕೂಗಿ ನೋಡುತ್ತೇನೆಂದು. ನಾನು ಇಲ್ಲೇ ಮೇಜಿನ ಹತ್ತಿರ, ಅವನು ಕರೆಯುವಾಗ ಇರುತ್ತಿದ್ದ ಜಾಗದಲ್ಲೇ. ಕೂಗಿದಳು. ಅದಲ್ಲ. ಮತ್ತೆ ಕೂಗಿದಳು. ಅದೂ ಅಲ್ಲ. ಇನ್ನೊಮ್ಮೆ ಎಂದೆ, ಸ್ವಲ್ಪ ದಪ್ಪಗೆ, ಸ್ವಲ್ಪ ನಿಧಾನವಾಗಿ. ಅವಳು ಕೆಳಗೆ ಇನ್ನೂ ಕೂಗುತ್ತಿದ್ದಾಳೆ, ನಾನು ಇಲ್ಲಿ ಬರೆಯುತ್ತ ಕೇಳುತ್ತಿದ್ದೇನೆ.